ಧಾಟಿ ತಪ್ಪಿದ್ದು ಅಜ್ಜನದಲ್ಲ

ಶಿಗ್ಗಾವಿ ತಾಲ್ಲೂಕಿನ ಯಾವ ಹಳ್ಳಿಗಾದರೂ ಹೋಗಿ, ಶಿಶುನಾಳ ಶರೀಫರ ಪದಗಳಿಗೆ ಧಾಟಿ ಕಟ್ಟಿದವರು ಯಾರು ಎಂದು ಕೇಳಿ ನೋಡಿ. ‘ಇದೇನ್ ಕೇಳ್ತೀರ್ರೀ, ಶರೀಫರ ಪದಕ್ಕ ಶರೀಫರದ ಧಾಟಿ’ ಎನ್ನುತ್ತಾರೆ. ಅಷ್ಟಕ್ಕೇ ಬಿಡದೆ ಹಾಡಿಯೂ ತೋರಿಸುತ್ತಾರೆ. ಹಾಡಿ ತೋರಿಸುವುದು ಮಾತ್ರ ಸಿ. ಅಶ್ವತ್ಥ್ ಅವರ ಧಾಟಿ. ಶರೀಫರು ತೀರಿಕೊಂಡದ್ದು 1889ರಲ್ಲಿ, ಅಶ್ವತ್ಥ್ ಹುಟ್ಟಿದ್ದು 1939ರಲ್ಲಿ. ನಡುವಿನ ಐವತ್ತು ವರ್ಷ ಜನರ ಬಾಯಲ್ಲಿ ಎಲ್ಲಿ ಹೋಯಿತೋ ಗೊತ್ತಿಲ್ಲ.

ಒಬ್ಬ ಸಂಗೀತ ನಿರ್ದೇಶಕನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೇ ಎಂದು ಕೇಳುವವರಿದ್ದಾರೆ. ಹಾಡು ಜನರದಾಗಿಬಿಟ್ಟಿತು, ಕಟ್ಟಿದವನ ಹೆಸರು ಕಳಚಿಬಿತ್ತು, ಬಿಡ್ರಿ ಅತ್ಲಾಗ ಎನ್ನುತ್ತಾರೆ. ನಾನೂ ಬಹಳ ವರ್ಷ ಹಾಗೇ ಬಿಟ್ಟಿದ್ದೆ. ಹೋದ ಶ್ರಾವಣದಲ್ಲಿ ಒಂದು ಗುಡಿಯ ಭಜನೆಗೆ ಮೈಕ್ ಕಟ್ಟಲು ಹೋದಾಗ ಕಂಡದ್ದು ಬೇರೆ. ಎಂಬತ್ತರ ಹತ್ತಿರದ ಒಬ್ಬ ಅಜ್ಜ ಏಕತಾರಿ ಹಿಡಿದು, ಕೋಡಗ–ಕೋಳಿಯ ಆ ಒಡಪಿನ ಪದ ಎತ್ತಿಕೊಂಡರು. ನಿಧಾನದ ಧಾಟಿ. ಪ್ರತಿ ನುಡಿಯ ಕೊನೆಗೆ ಒಂದು ಎಳೆತ, ಆ ಎಳೆತದಲ್ಲಿ ಹಿಂದಿನವರು ಬಂದು ಕೂಡಿಕೊಳ್ಳಲು ಜಾಗ. ಹಿಮ್ಮೇಳದ ಹುಡುಗರು ಎರಡನೇ ನುಡಿಗೇ ತಾಳ ಬಿಟ್ಟರು. ಅವರಲ್ಲೊಬ್ಬ, ‘ಅಜ್ಜಾ, ಧಾಟಿ ತಪ್ಪೈತಿ ನೋಡ್ರಿ’ ಎಂದು ಮೊಬೈಲ್ ತೆಗೆದು ಅಶ್ವತ್ಥರ ಹಾಡನ್ನೇ ಮೈಕಿಗೆ ಹಿಡಿದ. ಅಜ್ಜ ಏನೂ ಅನ್ನಲಿಲ್ಲ. ಏಕತಾರಿ ಪಕ್ಕಕ್ಕಿಟ್ಟು ಎಲೆಅಡಿಕೆ ಚೀಲ ಬಿಚ್ಚಿದರು.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅದು ಅಶ್ವತ್ಥರ ಧಾಟಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ, ಅಜ್ಜನದು ಇನ್ನೊಂದು ಧಾಟಿ ಎಂದು ತಾನಾಗಿಯೇ ತಿಳಿಯುತ್ತಿತ್ತು. ಸಂಗೀತ ಕೂಡಿಸಿದವರ ಹೆಸರು ಬಿಟ್ಟರೆ ಪೆಟ್ಟು ಬೀಳುವುದು ಊರಿನ ಹಾಡುಗಾರರಿಗೇ. ಈ ಮಾತನ್ನು ನಮ್ಮ ನಾಲ್ಕು ತಾಲ್ಲೂಕಿನ ಮಟ್ಟಿಗೆ ಹೇಳಲು ನನಗೆ ಹಕ್ಕಿದೆ ಎಂದುಕೊಂಡಿದ್ದೇನೆ. ಯಾಕೆಂದರೆ ಇಲ್ಲಿನ ಹಾಡುಗಳನ್ನು ನನ್ನಷ್ಟು ಜೋರಾಗಿ ಕೇಳಿಸಿದವರು ಕಡಿಮೆ.

ನಾನು ಸವಣೂರಿನವನು. ಅಪ್ಪ ಶುರು ಮಾಡಿದ ಮೈಕ್‌ಸೆಟ್ ಅಂಗಡಿ. ಆಹುಜಾ ಆಂಪ್ಲಿಫೈಯರ್, ಒಂದು ಜೊತೆ ಹಾರ್ನ್, ಪ್ಲೇಟ್ ಹಚ್ಚುವ ಮಷಿನ್, ತಗಡಿನ ಪೆಟ್ಟಿಗೆ ತುಂಬ ಪ್ಲೇಟು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ, ಅದಕ್ಕೂ ಮುಂಚೆ ನಾವೆಲ್ಲ ಧಾರವಾಡ ಜಿಲ್ಲೆಯವರು. ಜಿಲ್ಲೆ ಯಾವುದಾದರೂ ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರಿನ ಬೇವಿನ ಗಿಡಗಳಿಗೆ ನಮ್ಮ ಹಾರ್ನ್ ಕಟ್ಟುವುದು ತಪ್ಪಲಿಲ್ಲ. ಪ್ಲೇಟಿನ ನಡುವಿನ ದುಂಡು ಚೀಟಿಯಲ್ಲಿ ಸಿನಿಮಾದ ಹೆಸರು, ಹಾಡಿದವರ ಹೆಸರು, ಸಂಗೀತದವರ ಹೆಸರು ಅಚ್ಚಾಗಿರುತ್ತಿತ್ತು. ತಿರುಗುವಾಗ ಓದಲು ಬರುವುದಿಲ್ಲ. ಮುಂದಿನ ಪ್ಲೇಟನ್ನು ಧೋತರದ ತುದಿಯಿಂದ ಒರೆಸುತ್ತ ಅಪ್ಪ ಓದುತ್ತಿದ್ದರು, ಪಕ್ಕದಲ್ಲಿ ಕುಳಿತು ನಾನೂ ಓದುತ್ತಿದ್ದೆ. ಸಂಗೀತ ನಿರ್ದೇಶಕರ ಹೆಸರು ನಾನು ಕಲಿತದ್ದು ಹೀಗೆ.

ಸವಣೂರು ನವಾಬರ ಊರು. ಎಲೆಗೂ ಖಾರಕ್ಕೂ ಹೆಸರಾದದ್ದು, ವಿ.ಕೃ. ಗೋಕಾಕರು ಹುಟ್ಟಿದ್ದು. ಇಲ್ಲಿ ಉರ್ದು ಮಾತಾಡುವ ಮನೆಗಳು ಬಹಳ. ಆ ಮದುವೆಗಳಿಗೆ ಹೋದರೆ ಹಿರಿಯರು, ‘ನೌಶಾದ್ ಲಗಾವ್ ಭಾಯ್’ ಎನ್ನುತ್ತಿದ್ದರು. ‘ಬೈಜು ಬಾವರಾ’ ಹಚ್ಚು ಎನ್ನುವವರು ಸಹ ಭರತ್ ಭೂಷಣ್ ಹೆಸರು ಹೇಳುತ್ತಿರಲಿಲ್ಲ, ನೌಶಾದ್ ಹೆಸರು ಹೇಳುತ್ತಿದ್ದರು. ಕೆಲವರಿಗೆ ಶಂಕರ್–ಜೈಕಿಶನ್ ಬೇಕು. ಇದು ರೇಡಿಯೊ ಕಲಿಸಿದ ರೂಢಿ. ಸಿಲೋನ್ ರೇಡಿಯೊ, ವಿವಿಧ ಭಾರತಿ ಎರಡೂ ಹಾಡಿಗೆ ಮುಂಚೆ ಚಿತ್ರ, ಗಾಯಕರು, ಬರೆದವರು, ಸಂಗೀತ ಎಂದು ಒಂದೂ ಬಿಡದೆ ಹೇಳುತ್ತಿದ್ದವು. ಧಾರವಾಡ ಆಕಾಶವಾಣಿಯ ಚಿತ್ರಗೀತೆಗಳಿಗೂ ಆ ಮರ್ಯಾದೆ ಇತ್ತು. ದಿನಾ ಕೇಳಿ ಕೇಳಿ ಬೀಡಿ ಕಟ್ಟುವವರ ಬಾಯಿಗೂ ಆ ಹೆಸರುಗಳು ಬಂದಿದ್ದವು.

ಕನ್ನಡದ ಹಾಡಿಗೆ ಬಂದರೆ ಮಾತು ಬೇರೆ. ‘ರಾಜಕುಮಾರಂದು ಹಚ್ಚು’, ‘ವಿಷ್ಣುವರ್ಧನ್‌ದು ಹಚ್ಚು’, ಆಮೇಲೆ ‘ರವಿಚಂದ್ರನ್‌ದು’. ಹಿರೇಕೆರೂರಿನಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ. 1998ರ ‘ಕೌರವ’ ಚಿತ್ರದ ನಾಯಕ ಬಿ.ಸಿ. ಪಾಟೀಲರು ಮುಂದೆ ಅಲ್ಲಿನ ಶಾಸಕರೇ ಆದರಲ್ಲ, ಆ ಕಡೆ ಹೋದಾಗಲೆಲ್ಲ ‘ಸಾಹೇಬರ ಹಾಡ ಹಚ್ಚರಿ’ ಎಂಬ ಬೇಡಿಕೆ. ಸಾಹೇಬರು ಆ ಹಾಡು ಬರೆದವರಲ್ಲ, ಹಾಡಿದವರಲ್ಲ. ಸಂಗೀತ ಹಂಸಲೇಖ ಅವರದು. ಇದನ್ನು ಹೇಳಿದರೆ, ‘ಆಗ್ಲಿ ಬಿಡ್ರಿ, ವಾಲ್ಯೂಮ್ ಏರಸ್ರಿ’ ಎನ್ನುತ್ತಾರೆ.

ವಿಚಿತ್ರವೆಂದರೆ ಸಿನಿಮಾ ಸಂಗೀತಕ್ಕೂ ನಮ್ಮ ಈ ನೆಲಕ್ಕೂ ಇರುವ ನಂಟು ನಾಯಕರ ಮೂಲಕ ಬಂದದ್ದಲ್ಲ, ಪದಕಾರರ ಮೂಲಕ ಬಂದದ್ದು. ಇಲ್ಲಿ ಹುಟ್ಟಿದ ಕನಕದಾಸರು, ಸರ್ವಜ್ಞ, ಶರೀಫರು, ಪಂಚಾಕ್ಷರಿ ಗವಾಯಿಗಳು ನಾಲ್ವರ ಮೇಲೂ ಸಿನಿಮಾ ಬಂದಿದೆ. ನಾಲ್ಕಕ್ಕೂ ಸಂಗೀತ ಕೊಟ್ಟವರು ಹೊರಗಿನವರು.

ಶಿಗ್ಗಾವಿ ತಾಲ್ಲೂಕಿನ ಬಾಡ ಕನಕದಾಸರ ಊರು. ‘ಭಕ್ತ ಕನಕದಾಸ’ ಬಂದದ್ದು 1960ರಲ್ಲಿ, ನಿರ್ದೇಶನ ವೈ.ಆರ್. ಸ್ವಾಮಿ ಅವರದು. ರಾಜ್‌ಕುಮಾರ್ ಅವರ ಹಾಡುಗಳನ್ನೆಲ್ಲ ಪಿ.ಬಿ. ಶ್ರೀನಿವಾಸ್ ಹಾಡಿದರು. ಅದಕ್ಕೂ ಮುಂಚೆ ರಾಜ್‌ಕುಮಾರ್‌ಗೆ ಒಬ್ಬೊಬ್ಬರು ಒಂದೊಂದು ಸಿನಿಮಾದಲ್ಲಿ ದನಿ ಕೊಟ್ಟಿದ್ದರು, ‘ಬೇಡರ ಕಣ್ಣಪ್ಪ’ದಲ್ಲಿ ಸಿ.ಎಸ್. ಜಯರಾಮನ್ ಇದ್ದರು. ಕನಕದಾಸನಿಂದ ಮುಂದೆ ಆ ಮುಖಕ್ಕೆ ಈ ದನಿಯೇ ಎಂದು ಗಟ್ಟಿಯಾಯಿತು. 1974ರಲ್ಲಿ ‘ಸಂಪತ್ತಿಗೆ ಸವಾಲ್’ಗೆ ಜಿ.ಕೆ. ವೆಂಕಟೇಶ್ ರಾಜ್‌ಕುಮಾರ್ ಅವರಿಂದಲೇ ಎಮ್ಮೆಯ ಹಾಡು ಹಾಡಿಸುವ ತನಕ ಹೆಚ್ಚುಕಡಿಮೆ ಹಾಗೇ ನಡೆಯಿತು. ಇಷ್ಟು ದೊಡ್ಡ ಜೋಡಿಯನ್ನು ಕೂಡಿಸಿದ ‘ಭಕ್ತ ಕನಕದಾಸ’ದ ಸಂಗೀತ ನಿರ್ದೇಶಕರು ಎಂ. ವೆಂಕಟರಾಜು. ಕನಕ ಜಯಂತಿಯ ದಿನ ಈ ಹೆಸರನ್ನು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ, ಹಾಡನ್ನು ಮಾತ್ರ ಬೆಳಗಿನಿಂದ ಹಚ್ಚಿರುತ್ತೇನೆ.

ಮುಚ್ಚಿದ ಬಾಗಿಲ ಮುಂದೆ ನಿಂತು ಕನಕ ಮೊರೆಯಿಡುವ ಹಾಡನ್ನು ಹಾರ್ನಿನಲ್ಲಿ ಕೇಳಬಾರದು, ರಾತ್ರಿ ಸಣ್ಣ ದನಿಯಲ್ಲಿ ಕೇಳಬೇಕು. ಮೊರೆ ಇದೆ, ಕೂಗು ಇಲ್ಲ. ವೆಂಕಟರಾಜು ವಾದ್ಯಗಳನ್ನು ಹಿಂದಕ್ಕೆ ಸರಿಸಿ ಪಿ.ಬಿ.ಶ್ರೀ ಅವರ ಮೆತ್ತನೆಯ ದನಿಗೆ ಅಂಗಳ ಬಿಟ್ಟುಕೊಟ್ಟಿದ್ದಾರೆ. ನನ್ನ ತಕರಾರು ಒಂದೇ. ಇದು ದಕ್ಷಿಣದ ಗುಡಿಯ ಕನಕ. ನಮ್ಮ ಕನಕ ಕುರುಬರ ಕನಕ, ಡೊಳ್ಳಿನ ನಾಡಿನವರು, ದಂಡು ಕಟ್ಟಿದವರು. ಆ ಡೊಳ್ಳು ಸಿನಿಮಾದ ಹಾಡಿಗೆ ಇಳಿಯಲಿಲ್ಲ. ಹಾಗಾಗಿ ಜಯಂತಿಯ ಮೆರವಣಿಗೆಯಲ್ಲಿ ಇಂದಿಗೂ ಮುಂದೆ ಡೊಳ್ಳು, ಹಿಂದೆ ಟ್ರ್ಯಾಕ್ಟರ್ ಮೇಲೆ ನನ್ನ ಸ್ಪೀಕರಿನಲ್ಲಿ ವೆಂಕಟರಾಜು. ಒಂದಕ್ಕೊಂದು ತಾಳ ಕೂಡುವುದಿಲ್ಲ. ಡೊಳ್ಳಿನವರು ಕಣ್ಣು ಕೆಂಪು ಮಾಡಿದಾಗ ನಾನು ವಾಲ್ಯೂಮ್ ಇಳಿಸುತ್ತೇನೆ.

ಸರ್ವಜ್ಞನ ವಿಷಯ ಚಿಕ್ಕದು. ಅಬಲೂರು, ಮಾಸೂರಿನ ಕಡೆಯ ಈ ಕವಿಯ ಮೇಲೆ 1965ರಲ್ಲಿ ‘ಸರ್ವಜ್ಞಮೂರ್ತಿ’ ಬಂತು, ಅಲ್ಲೂ ರಾಜ್‌ಕುಮಾರ್, ಸಂಗೀತ ಜಿ.ಕೆ. ವೆಂಕಟೇಶ್. ತ್ರಿಪದಿಗೆ ಸಿನಿಮಾ ಧಾಟಿ ಕಟ್ಟುವುದು ಸುಲಭವಿಲ್ಲ. ಪಲ್ಲವಿ ಇಲ್ಲ, ಚರಣ ಇಲ್ಲ, ಮೂರು ಸಾಲಿಗೆ ಮಾತು ಮುಗಿದುಹೋಗುತ್ತದೆ. ಬೀಸುವ ಕಲ್ಲಿನ ಮುಂದೆ ಕುಳಿತ ನಮ್ಮ ಅವ್ವಂದಿರು ನಡುವಿನ ಸಾಲಿನ ತುಂಡನ್ನು ತಿರುಗಿ ಹಾಡಿ, ಮೂರನ್ನು ನಾಲ್ಕರಂತೆ ಮಾಡಿಕೊಂಡು, ಕಲ್ಲಿನ ಸುತ್ತಿಗೆ ಹೊಂದಿಸುತ್ತಿದ್ದರು. ಆ ಉಪಾಯ ಸಿನಿಮಾದವರಿಗೆ ಸಾಲದು. ವೆಂಕಟೇಶ್ ದೊಡ್ಡವರೇ. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ ಅವರವು. ‘ಸಂಧ್ಯಾರಾಗ’ಕ್ಕೆ ಭೀಮಸೇನ ಜೋಶಿಯವರು ಹಾಡಿದ್ದಾರೆ. ಇಳಯರಾಜಾ ಪಳಗಿದ್ದು ಇವರ ಕೈಕೆಳಗೆ. ಆದರೆ ಹಿರೇಕೆರೂರು ಕಡೆ ಯಾರೂ ‘ಸರ್ವಜ್ಞಮೂರ್ತಿ’ ಕೇಳುವುದಿಲ್ಲ, ‘ಬಂಗಾರದ ಮನುಷ್ಯ’ನನ್ನೇ ಕೇಳುತ್ತಾರೆ. ಹೊಲದವರಿಗೆ ಅದು ತಮ್ಮ ಸಿನಿಮಾ.

ಹಾನಗಲ್ಲಿಗೆ ಬಂದರೆ ಕಿವಿ ಮುಟ್ಟಿಕೊಂಡು ಮಾತಾಡಬೇಕು. ಹಿಂದೂಸ್ತಾನಿಯವರು ಗುರುವಿನ ಹೆಸರು ಎತ್ತುವಾಗ ಹಾಗೆ ಮಾಡುತ್ತಾರೆ. ಗಂಗೂಬಾಯಿಯವರು ಬೆಳೆದದ್ದು, ಹಾಡಿದ್ದು ಧಾರವಾಡ, ಹುಬ್ಬಳ್ಳಿಯಲ್ಲಿ. ಆದರೂ ಹಾನಗಲ್ಲ ಅವರ ಹೆಸರಿನೊಳಗೇ ಕುಳಿತು ಲೋಕ ಸುತ್ತಿತು. ತಮ್ಮ ಗುರು ಸವಾಯಿ ಗಂಧರ್ವರನ್ನು ಅವರು ಎಂದೂ ಬಿಟ್ಟು ಮಾತಾಡಿದವರಲ್ಲ. ಇದೇ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಕುರುಡು ಹುಡುಗ ಗದಿಗೆಯ್ಯನನ್ನು ಹಾನಗಲ್ಲ ಕುಮಾರಸ್ವಾಮಿಗಳು ಕರೆದುಕೊಂಡು ಹೋಗಿ ಸಂಗೀತ ಕಲಿಸಿದರು. ಆ ಹುಡುಗನೇ ಪಂಚಾಕ್ಷರಿ ಗವಾಯಿ. ಗದುಗಿನ ವೀರೇಶ್ವರ ಪುಣ್ಯಾಶ್ರಮ ಅವರದು, ಬಸವರಾಜ ರಾಜಗುರು ಅವರ ಶಿಷ್ಯರು. ಆಶ್ರಮದ ಭಾರ ಹೊತ್ತ ಪುಟ್ಟರಾಜ ಗವಾಯಿಗಳೂ ಹಾನಗಲ್ಲ ತಾಲ್ಲೂಕಿನವರೇ.

ಪಂಚಾಕ್ಷರಿ ಗವಾಯಿಗಳ ಮೇಲೆ ಚಿಂದೋಡಿ ಬಂಗಾರೇಶ್ ಸಿನಿಮಾ ಮಾಡಿದರು. ಚಿಂದೋಡಿಯವರೆಂದರೆ ನಾಟಕ ಕಂಪನಿಯ ಮನೆತನ, ನಮ್ಮ ಕಡೆಯ ಜನರಿಗೆ ಹೊಸಬರಲ್ಲ. ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಎಂಬ ಉದ್ದನೆಯ ಹೆಸರಿನ ಆ ಚಿತ್ರಕ್ಕೆ ಸಂಗೀತ ಹಂಸಲೇಖ. ‘ಪ್ರೇಮಲೋಕ’ದ ಹಂಸಲೇಖ ಗವಾಯಿಗಳ ಸಂಗೀತಕ್ಕೆ ಕೈ ಹಾಕುತ್ತಾರೆಂದರೆ ಪುಣ್ಯಾಶ್ರಮದ ಕಡೆ ಹೋಗಿಬರುವ ನನ್ನ ಗಿರಾಕಿಗಳು ಹುಬ್ಬೇರಿಸಿದ್ದರು. ಆಮೇಲೆ 1995ರ ಸಾಲಿನ ರಾಷ್ಟ್ರಪ್ರಶಸ್ತಿ ಸಂಗೀತ ನಿರ್ದೇಶನಕ್ಕೆ ಹಂಸಲೇಖರಿಗೇ ಬಂತು, ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಬಂತು. ಎಸ್‌ಪಿಬಿಯವರ ಆರು ರಾಷ್ಟ್ರಪ್ರಶಸ್ತಿಗಳಲ್ಲಿ ಕನ್ನಡದ ಸಿನಿಮಾಕ್ಕೆ ಬಂದದ್ದು ಇದೊಂದೇ. ಶಾಸ್ತ್ರೀಯ ಸಂಗೀತ ಕ್ರಮವಾಗಿ ಕಲಿತವನಲ್ಲ ಎಂದು ತಾವೇ ಹೇಳಿಕೊಳ್ಳುತ್ತಿದ್ದ ಗಾಯಕರ ಬಾಯಲ್ಲಿ ಬಂದಿಶಿನ ಜಾತಿಯ ಹಾಡು ಹಾಡಿಸಿ, ಅದು ಸಿನಿಮಾದ ಪರದೆಗೂ ಹೊಂದಬೇಕು, ಗವಾಯಿಗಳ ಗೌರವಕ್ಕೂ ಕುಂದು ಬರಬಾರದು ಎಂದು ನೋಡಿಕೊಳ್ಳುವುದು ಸಣ್ಣ ಕೆಲಸವಲ್ಲ. ನನ್ನ ಲೆಕ್ಕದಲ್ಲಿ ಹಂಸಲೇಖರ ಅತಿ ದೊಡ್ಡ ಕೆಲಸ ಇದೇ. ‘ಪ್ರೇಮಲೋಕ’ದ ಅಭಿಮಾನಿಗಳು ಜಗಳಕ್ಕೆ ಬಂದರೆ ಬರಲಿ. ಹಾನಗಲ್ಲ ತಾಲ್ಲೂಕಿನ ಹುಡುಗನ ಕಥೆಗೆ ದೇಶದ ಪ್ರಶಸ್ತಿ ತಂದುಕೊಟ್ಟ ಈ ಹಾಡುಗಳನ್ನು ಹಾನಗಲ್ಲಿನ ಒಂದು ಮದುವೆಯಲ್ಲೂ ನನಗೆ ಯಾರೂ ಕೇಳಿಲ್ಲ.

ಇನ್ನು ಶರೀಫರು. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂದದ್ದು 1990ರಲ್ಲಿ. ಶ್ರೀಧರ್ ಶರೀಫರು, ಗಿರೀಶ ಕಾರ್ನಾಡರು ಕಳಸದ ಗೋವಿಂದಭಟ್ಟರು. ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಬಂತು. ಆದರೆ ಹಾಡು ಸಿನಿಮಾಕ್ಕಿಂತ ಮುಂಚೆಯೇ ನಮ್ಮ ಅಂಗಡಿಗೆ ಬಂದಿತ್ತು. ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಶರೀಫರ ಪದಗಳನ್ನು ಬೆಂಗಳೂರಿನವರ ಕಿವಿಗೆ ಮುಟ್ಟಿಸಲು ಓಡಾಡಿದ್ದು, ಅಶ್ವತ್ಥ್ ಧಾಟಿ ಕೂಡಿಸಿದ್ದು, ಶಿವಮೊಗ್ಗ ಸುಬ್ಬಣ್ಣ ಹಾಡಿದ್ದು ಎಲ್ಲ ಕ್ಯಾಸೆಟ್ ಕಾಲದ ಮಾತು. ಶಿಶುನಾಳದ ಪದ ಬೆಂಗಳೂರಿಗೆ ಹೋಗಿ, ಕ್ಯಾಸೆಟ್ ಆಗಿ, ಹುಬ್ಬಳ್ಳಿಯ ಹೋಲ್‌ಸೇಲ್ ಅಂಗಡಿಯಿಂದ ಸವಣೂರಿಗೆ ಬಂದು, ನನ್ನಿಂದ ಶಿಶುನಾಳದ ಪಕ್ಕದ ಊರಿನವರೇ ಕೊಂಡು ಹೋದರು. ಅವರಲ್ಲಿ ಭಜನಾ ಮೇಳದವರು ಹೆಚ್ಚು. ಕೇಳಿ ಖುಷಿಪಡಲು ಒಯ್ದವರು ಕೇಳುತ್ತ ಕೇಳುತ್ತ ಕಲಿತರು.

ಅಶ್ವತ್ಥ್ ಮಾಡಿದ್ದೇನು ಎಂಬುದನ್ನು ನಾನು ಎರಡೂ ಬಗೆಯನ್ನು ಒಂದೇ ಸ್ಪೀಕರಿನಲ್ಲಿ ಕೇಳಿ ತಿಳಿದುಕೊಂಡಿದ್ದೇನೆ. ಮೇಳದಲ್ಲಿ ತತ್ವಪದಕ್ಕೆ ಒಂದೇ ಧಾಟಿ ಎಂಬುದಿಲ್ಲ. ಒಂದೇ ಪದ ಈ ಊರಿನಲ್ಲಿ ಒಂದು ಬಗೆ, ಹಳ್ಳದಾಚೆ ಇನ್ನೊಂದು ಬಗೆ. ಒಂದೇ ಧಾಟಿಗೆ ನಾಲ್ಕು ಪದ ಹಾಕಿ ಹಾಡುವುದೂ ಉಂಟು. ಮುಂದಿನವರು ಒಡಪು ಹಾಕುತ್ತಾರೆ, ಹಿಂದಿನವರು ತಿರುಗಿ ಕೇಳುತ್ತಾರೆ, ನಡುವೆ ಏಕತಾರಿ ದಮ್ಮಡಿ ಎರಡೇ ಉಳಿದಾಗ ತಿಳಿದ ಹಿರಿಯರೊಬ್ಬರು ಅರ್ಥ ಬಿಡಿಸುತ್ತಾರೆ. ಕೋಡಗ–ಕೋಳಿಯ ಪದದಲ್ಲಿ ಯಾವುದು ಯಾವುದನ್ನು ನುಂಗಿತು, ಯಾಕೆ ನುಂಗಿತು ಎಂಬುದಕ್ಕೆ ಅರ್ಧ ತಾಸು ಹೋದರೂ ಹೋಯಿತು. ಅಶ್ವತ್ಥರ ಧಾಟಿಯಲ್ಲಿ ಅದಕ್ಕೆ ಪುರಸೊತ್ತಿಲ್ಲ. ಅವರು ‘ನುಂಗು’ ಎಂಬ ಮಾತಿನ ಮೇಲೆ ಒತ್ತು ಇಟ್ಟು, ಅದು ಬಂದಾಗಲೆಲ್ಲ ತಾಳ ಕುಟ್ಟುವಂತೆ ಮಾಡಿ, ಇಡೀ ಪದವನ್ನು ಓಟಕ್ಕೆ ಹಚ್ಚಿದರು. ಅರ್ಥ ಗೊತ್ತಿಲ್ಲದ ಮಗುವೂ ಕುಣಿಯುತ್ತದೆ. ಅರ್ಥ ಕೇಳಬೇಕೆಂದು ಮಗುವಿಗೆ ಮುಂದೆಂದಾದರೂ ಅನ್ನಿಸಿದರೆ ಅನ್ನಿಸಿತು, ಇಲ್ಲದಿದ್ದರೆ ಇಲ್ಲ.

ನನಗೆ ಆ ಓಟ ಇಷ್ಟ. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಹಾಡು ಕಟ್ಟಿಕೊಂಡಿದ್ದ, ಹಾಸನದ ಕಡೆಯ ಮನುಷ್ಯ ನಮ್ಮ ಮಾತಿನ ಪೆಟ್ಟನ್ನು ಇಷ್ಟು ಸರಿಯಾಗಿ ಹಿಡಿದದ್ದು ಹೇಗೆ ಎಂದು ಬೆರಗಾಗುತ್ತದೆ. ಸಿನಿಮಾದ ಗಾಯಕರು ನಮ್ಮ ಮಾತನ್ನು ಹಾಡುವಾಗ ಸಾಮಾನ್ಯವಾಗಿ ಇಸ್ತ್ರಿ ಹಾಕಿಬಿಡುತ್ತಾರೆ. ಅಶ್ವತ್ಥ್ ಹಾಕಲಿಲ್ಲ. ಗಂಟಲು ಬಿಚ್ಚಿ, ಕೆಲವೊಮ್ಮೆ ಒರಟಾಗಿಯೇ, ಹೊಲದ ಬದುವಿನ ಮೇಲೆ ನಿಂತವರ ಹಾಗೆ ಕೂಗಿ ಹಾಡಿದರು. ವೆಂಕಟರಾಜು ಅವರ ಕನಕದಾಸನಲ್ಲಿ ನನಗೆ ಸಿಗದ ನೆಲದ ವಾಸನೆ ಇಲ್ಲಿ ಸಿಕ್ಕಿತು. ಮುಂದೆ ‘ಮೈಸೂರ ಮಲ್ಲಿಗೆ’, ‘ನಾಗಮಂಡಲ’ ಎಲ್ಲ ಚಲೋ ಮಾಡಿದರು. ಆದರೂ ಅವರ ದನಿಗೆ ಹೇಳಿ ಮಾಡಿಸಿದವರು ಶರೀಫರೇ.

ಹಾಗಾದರೆ ತಕರಾರೇನು? ಅಶ್ವತ್ಥ್ ಕಟ್ಟಿದ್ದು ಒಂದು ಧಾಟಿ. ಅದನ್ನು ನಾವು ಶರೀಫರ ಧಾಟಿ ಎಂದು ಕರೆದು ಎರಡು ಕಡೆಗೂ ಅನ್ಯಾಯ ಮಾಡಿದೆವು. ಕಟ್ಟಿದವರ ಶ್ರಮ ಕಾಣದಾಯಿತು, ಕಟ್ಟದೆ ಬಂದ ಊರ ಧಾಟಿಗಳು ತಪ್ಪು ಎನ್ನಿಸಿಕೊಂಡವು. ಶಾಲೆಯ ಸ್ಪರ್ಧೆಗಳಲ್ಲಿ ‘ಜಾನಪದ ಗೀತೆ’ ವಿಭಾಗಕ್ಕೆ ಮಕ್ಕಳು ಇದೇ ಧಾಟಿ ಹಾಡಿ ಬಹುಮಾನ ತರುತ್ತಾರೆ. ತೀರ್ಪುಗಾರರು ಕರೋಕೆ ಟ್ರ್ಯಾಕಿಗೆ ಎಷ್ಟು ಹತ್ತಿರ ಇದೆ ಎಂದು ನೋಡುತ್ತಾರೆ. ಅವ್ವನಿಂದಲೋ ಮುತ್ಯಾನಿಂದಲೋ ಕಲಿತು ಬಂದ ಮಗು ಅಲ್ಲಿ ಸೋಲುತ್ತದೆ.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಹಾಡು ಬರೆದವರಿಗೂ ಸಂಗೀತ ಕೂಡಿಸಿದವರಿಗೂ ರಾಯಲ್ಟಿಯ ಹಕ್ಕನ್ನು ಗಟ್ಟಿ ಮಾಡಿದೆ. ನಾನು ದುಡ್ಡಿನ ಮಾತಾಡುತ್ತಿಲ್ಲ. ರಸಮಂಜರಿಯ ನಿರೂಪಕರು ಹಾಡಿಗೆ ಮುಂಚೆ ಪ್ರಾಯೋಜಕರ ಹೆಸರು, ಶಾಮಿಯಾನದವರ ಹೆಸರು, ದೇಣಿಗೆ ಕೊಟ್ಟವರ ತಂದೆಯ ಹೆಸರು ಸಹ ಹೇಳುತ್ತಾರೆ. ‘ಸಂಗೀತ: ಎಂ. ವೆಂಕಟರಾಜು’ ಎನ್ನಲು ಇನ್ನೆರಡು ಸೆಕೆಂಡು ಸಾಕು.

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಹೆದ್ದಾರಿಯ ಬದಿಗೆ, ಕಲಾವಿದ ಸೊಲಬಕ್ಕನವರ್ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಅಲ್ಲಿ ರಾಜ್‌ಕುಮಾರ್ ಅವರ ಚಿತ್ರಪಾತ್ರಗಳೂ ಶಿಲ್ಪವಾಗಿ ನಿಂತಿವೆ, ಜನ ಪಕ್ಕದಲ್ಲಿ ನಿಂತು ಫೋಟೊ ಹೊಡೆಸಿಕೊಳ್ಳುತ್ತಾರೆ. ಧಾಟಿ ಕಟ್ಟಿದವರಿಗೂ ಶಿಲ್ಪ ಮಾಡಿ ಎಂದು ನಾನು ಕೇಳುವು‌ದಿಲ್ಲ, ಯಾರೂ ಫೋಟೊ ಹೊಡೆಸಿಕೊಳ್ಳಲಿಕ್ಕಿಲ್ಲ. ಆದರೆ ಅದೇ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವೂ ಇದೆ. ಶಿಶುನಾಳ ಅದರ ತಾಲ್ಲೂಕಿನಲ್ಲೇ ಇದೆ. ಒಂದು ರಾತ್ರಿ ಜಾತ್ರೆಯ ಹೊತ್ತಿಗೆ ಈ ಭಾಗದ ಹಳೆಯ ಮೇಳಗಳನ್ನು ಕರೆದು, ಒಂದೇ ಪದವನ್ನು ಊರೂರಿನ ಧಾಟಿಯಲ್ಲಿ ಹಾಡಿಸಿ, ಯಾವ ಊರು, ಯಾರಿಂದ ಕಲಿತದ್ದು ಎಂದು ಬರೆದು ರೆಕಾರ್ಡ್ ಮಾಡಿಕೊಳ್ಳಲಿ. ಅಶ್ವತ್ಥರ ಧಾಟಿಯೂ ಅದರಲ್ಲಿ ಇರಲಿ, ಅವರ ಹೆಸರಿನ ಜೊತೆಗೆ. ಬೇಗ ಮಾಡಬೇಕು. ಏಕತಾರಿ ಹಿಡಿಯುವ ಕೈಗಳು ಎಂಬತ್ತು ದಾಟುತ್ತಿವೆ.

ಅಂಥ ರಾತ್ರಿಗೆ ಮೈಕ್‌ಸೆಟ್ ಬೇಕಾದರೆ ಬಾಡಿಗೆ ಕೇಳುವುದಿಲ್ಲ. ಜನರೇಟರಿನ ಡೀಸೆಲ್ ಮಾತ್ರ ನಿಮ್ಮದು.